ಪ್ರತಿಕ್ರಿಯೆ: ಒಂದಕ್ಕೆ ಒಂದೇ ಉತ್ತರ, ಇನ್ನೊಂದಕ್ಕೆ ಹಲವು ಏಕೆ?

ನಮಸ್ಕಾರ. ‘5ಎಕ್ಸ್ + 50 = 400’ ಎಂಬುದಕ್ಕೆ ಒಂದೇ ಉತ್ತರ, ಆದರೆ ‘ವೈ = 5ಎಕ್ಸ್ + 50’ ಎಂಬುದಕ್ಕೆ ಮುಗಿಯದಷ್ಟು ಉತ್ತರಗಳು ಏಕೆ ಎಂದು ಮಗಳು ಕೇಳುತ್ತಾಳೆ ಎಂದಿದ್ದೀರಿ. ಬಹಳ ಒಳ್ಳೆಯ ಪ್ರಶ್ನೆ, ಅವಳನ್ನು ತಡೆಯಬೇಡಿ.

ನೀವು ಸೋಮವಾರಪೇಟೆಯವರಾದ್ದರಿಂದ ಕಾಫಿ ಕೊಯ್ಲನ್ನೇ ತೆಗೆದುಕೊಳ್ಳೋಣ. ಕೊಯ್ಯುವವರಿಗೆ ತಿಂಡಿಗೆಂದು 50 ರೂಪಾಯಿ, ಹಣ್ಣಿನ ಪ್ರತಿ ಕೆ.ಜಿ.ಗೆ 5 ರೂಪಾಯಿ ಕೊಡುತ್ತಾರೆ ಎಂದುಕೊಳ್ಳಿ. (ಲೆಕ್ಕಕ್ಕಾಗಿ ಹೇಳಿದ ದರವಷ್ಟೆ.) ಎಕ್ಸ್ ಎಂದರೆ ಕೊಯ್ದ ಕೆ.ಜಿ., ವೈ ಎಂದರೆ ಕೈಗೆ ಬರುವ ಹಣ. ಆಗ ‘ವೈ = 5ಎಕ್ಸ್ + 50’ ಎಂಬುದು ಕೂಲಿಯ ನಿಯಮ, ಅಂದರೆ ಫಂಕ್ಷನ್. 10 ಕೆ.ಜಿ.ಗೆ 100, 20ಕ್ಕೆ 150, 30ಕ್ಕೆ 200. ಹೀಗೆ ಪ್ರತಿ ಎಕ್ಸ್‌ಗೂ ಒಂದು ವೈ ಸಿಗುತ್ತದೆ, ಅದಕ್ಕೇ ಉತ್ತರದ ಜೋಡಿಗಳು ಮುಗಿಯುವುದಿಲ್ಲ. ಪ್ರತಿ ಕೆ.ಜಿ.ಗೂ ಏರಿಕೆ ಅದೇ 5 ಆಗಿರುವುದರಿಂದಲೇ ನಕ್ಷೆಯಲ್ಲಿ ಗೆರೆ ನೇರವಾಗಿರುತ್ತದೆ. ಆ 5 ಗೆರೆಯ ಇಳಿಜಾರು. 50 ಅದು ವೈ ಅಕ್ಷವನ್ನು ಮುಟ್ಟುವ ಜಾಗ.

‘400 ರೂಪಾಯಿ ಬರಲು ಎಷ್ಟು ಕೊಯ್ಯಬೇಕು?’ ಎಂದು ಕೇಳಿದೊಡನೆ ವೈ 400 ಎಂದು ನಿಂತುಬಿಡುತ್ತದೆ, ಅದು ಎಕ್ಸ್ ಒಂದನ್ನೇ ಹುಡುಕುವ ಸಮೀಕರಣವಾಗುತ್ತದೆ. ಎರಡೂ ಬದಿಯಿಂದ 50 ಕಳೆಯಿರಿ: 5ಎಕ್ಸ್ = 350. ಎರಡೂ ಬದಿಯನ್ನು 5ರಿಂದ ಭಾಗಿಸಿ: ಎಕ್ಸ್ = 70. ‘ಆ ಕಡೆ ಹೋದರೆ ಚಿಹ್ನೆ ಬದಲು’ ಎಂದು ಬಾಯಿಪಾಠ ಮಾಡಿಸುವುದು ನನಗೆ ಸ್ವಲ್ಪವೂ ಇಷ್ಟವಿಲ್ಲ. ಸಂಖ್ಯೆ ಎಲ್ಲಿಗೂ ಹೋಗುವುದಿಲ್ಲ, ಎರಡೂ ಬದಿಗೆ ಒಂದೇ ಕೆಲಸ ಮಾಡುತ್ತೇವೆ, ಅಷ್ಟೆ.

ಗ್ರಾಫ್ ಹಾಳೆಯಲ್ಲಿ ಈ ಗೆರೆ ಎಳೆಸಿ, ವೈ = 400ರ ಎತ್ತರದಲ್ಲಿ ಅಡ್ಡಗೆರೆ ಹಾಕಿಸಿ. ಎರಡೂ ಒಂದೇ ಕಡೆ ಕೂಡುತ್ತವೆ, 70ರ ನೇರಕ್ಕೆ. ಆಮೇಲೆ ತಿಂಡಿ ಹಣವನ್ನು 80 ಮಾಡಿ, ಗೆರೆ ಹೇಗೆ ಸರಿಯುತ್ತದೆ ಎಂದು ಅವಳನ್ನೇ ಕೇಳಿ.