ಕಾಯಿಲೆ ಬಿದ್ದ ಫೆರೆಟ್ ನಿನ್ನೆಯಿಂದ ಊಟ ಮುಟ್ಟುತ್ತಿಲ್ಲ, ಮನೆಯಲ್ಲಿ ಹೇಗೆ ಉಣಿಸಲಿ?

ಫೆರೆಟ್ ಮುಂಗುಸಿಯಂತೆ ಕಾಣುವ ಪುಟ್ಟ ಮಾಂಸಾಹಾರಿ ಸಾಕುಪ್ರಾಣಿ. ಅದರ ವಿಷಯದಲ್ಲಿ ‘ನಾಳೆ ನೋಡೋಣ’ ಬೇಡ. ಅದರ ಕರುಳು ತೀರಾ ಗಿಡ್ಡ. ತಿಂದದ್ದು 3-4 ಗಂಟೆಯಲ್ಲೇ ಹೊರಬರುತ್ತದೆ. ಊಟ ಬಿಟ್ಟರೆ ಬಹಳ ಬೇಗ ಸೊರಗುತ್ತದೆ. ಇವತ್ತೇ ವೈದ್ಯರಿಗೆ ತೋರಿಸಿ. ಉಣಿಸುವುದು ಚಿಕಿತ್ಸೆಯ ಜೊತೆಗೆ, ಅದರ ಬದಲಿಗಲ್ಲ.

ಪದೇಪದೇ ವಾಂತಿಯಾಗುತ್ತಿದ್ದರೆ, ಮಲವೇ ಬರದಿದ್ದರೆ ಬಲವಂತವಾಗಿ ಏನನ್ನೂ ಬಾಯಿಗೆ ಹಾಕಬೇಡಿ. ಇವಕ್ಕೆ ರಬ್ಬರ್ ಅಗಿಯುವ ಚಟ. ತುಂಡು ಕರುಳಲ್ಲಿ ಸಿಕ್ಕಿಕೊಂಡಿರಬಹುದು. ಡಾಂಬರಿನಂಥ ಕಪ್ಪು ಮಲ ಹೊಟ್ಟೆಯೊಳಗೆ ರಕ್ತ ಹೋಗುತ್ತಿರುವ ಸೂಚನೆ.

ಈ ಲಕ್ಷಣಗಳು ಯಾವುವೂ ಇಲ್ಲವೆಂದರೆ, ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಹಾಕದೆ ಬೇಯಿಸಿದ ಕೋಳಿಮಾಂಸವನ್ನು ಅದರದೇ ನೀರಿನಲ್ಲಿ ನುಣ್ಣಗೆ ರುಬ್ಬಿ. ವೈದ್ಯರ ಬಳಿ ಮಾಂಸಾಹಾರಿ ಪ್ರಾಣಿಗಳಿಗೆಂದೇ ಮಾಡಿದ ಪುಡಿ ಸಿಕ್ಕರೆ ಇನ್ನೂ ಒಳ್ಳೆಯದು. ಉಗುರುಬೆಚ್ಚಗಿರಲಿ, ವಾಸನೆ ಎದ್ದರೆ ಹಸಿವೂ ಏಳುತ್ತದೆ. ಮೊದಲು ಬೆರಳಲ್ಲಿ ತೆಗೆದು ತುಟಿಗೆ ಸವರಿ. ಎಷ್ಟೋ ಸಲ ಅಷ್ಟಕ್ಕೇ ನೆಕ್ಕತೊಡಗುತ್ತದೆ. ಇಲ್ಲದಿದ್ದರೆ ಟವೆಲ್ಲಿನಲ್ಲಿ ಸುತ್ತಿ, ಹೊಟ್ಟೆ ಕೆಳಗಾಗಿ ಕೂರಿಸಿಕೊಂಡು, ಸೂಜಿಯಿಲ್ಲದ ಸಿರಿಂಜನ್ನು ಬಾಯಿಯ ಪಕ್ಕದಿಂದ ಇಟ್ಟು ಹನಿಹನಿಯಾಗಿ ಬಿಡಿ. ನುಂಗಿದ ಮೇಲೆಯೇ ಮುಂದಿನ ಹನಿ. ಮಗುವಿಗೆ ಉಣಿಸುವಂತೆ ಅಂಗಾತ ಮಲಗಿಸಿದರೆ ಶ್ವಾಸಕೋಶಕ್ಕೆ ಹೋಗುತ್ತದೆ. ಸುಮಾರು 4 ಗಂಟೆಗೊಮ್ಮೆ, ರಾತ್ರಿಯೂ ಎದ್ದು ಕೊಡಿ. ಪ್ರಮಾಣವನ್ನು ತೂಕ ನೋಡಿ ವೈದ್ಯರೇ ಹೇಳಲಿ.

ಹಾಲು, ಅನ್ನ, ಹಣ್ಣು ಬೇಡ. ಕಣ್ಣು ಮಂಕಾಗಿ, ಜೊಲ್ಲು ಸುರಿಸುತ್ತ ಕುಸಿದುಬಿದ್ದರೆ ಮಾತ್ರ ವಸಡಿಗೆ ತುಸು ಜೇನು ಸವರಿ, ತಕ್ಷಣ ಆಸ್ಪತ್ರೆಗೆ ಒಯ್ಯಿರಿ. ಪ್ಯಾರಾಸಿಟಮಾಲ್, ಐಬುಪ್ರೊಫೆನ್ ಇವಕ್ಕೆ ವಿಷ. ನಿಮಗೆ ಫ್ಲೂ ಇದ್ದರೆ ಮಾಸ್ಕ್ ಹಾಕಿಕೊಳ್ಳಿ, ನಮ್ಮಿಂದ ಅದಕ್ಕೂ ಅಂಟುತ್ತದೆ.