ವೇಗಾ ಪದಕ ಅಂದರೆ ಏನು? ಅದಕ್ಕೆ ಆ ಹೆಸರು ಯಾಕೆ ಬಂತು?

ಇದು ಸ್ವೀಡನ್ನಿನ ಮಾನವಶಾಸ್ತ್ರ ಮತ್ತು ಭೂಗೋಳ ಸಂಘ ಕೊಡುವ ಪದಕ. ವೇಗಾ ಅನ್ನೋದು ವ್ಯಕ್ತಿಯ ಹೆಸರಲ್ಲ, ಒಂದು ಹಡಗಿನ ಹೆಸರು. ಮನುಷ್ಯರ ಹೆಸರಲ್ಲಿ ಪದಕ ಇರೋದು ಮಾಮೂಲಿ, ಹಡಗಿನ ಹೆಸರಲ್ಲಿ ಅಪರೂಪ ಅಲ್ವಾ?

ಯುರೋಪಿನಿಂದ ಸೈಬೀರಿಯಾದ ಉತ್ತರ ಕರಾವಳಿ ಬಳಸಿ ಪೆಸಿಫಿಕ್ ಸಾಗರ ಸೇರುವ ದಾರಿಗೆ ಈಶಾನ್ಯ ಮಾರ್ಗ ಅಂತಾರೆ. ಇದಕ್ಕಾಗಿ ನೂರಾರು ವರ್ಷ ಹಡಗುಗಳು ಹೋಗಿ ಸೋತಿದ್ದವು. 1878ರಲ್ಲಿ ಅನ್ವೇಷಕ ಅಡಾಲ್ಫ್ ಎರಿಕ್ ನೂರ್ಡೆನ್‌ಶೋಲ್ಡ್ ವೇಗಾ ಹಡಗಿನಲ್ಲಿ ಹೊರಟರು. ಏಷ್ಯಾ ಮತ್ತು ಅಮೆರಿಕದ ನಡುವಿನ ಬೇರಿಂಗ್ ಜಲಸಂಧಿ ಇನ್ನೇನು ಸಿಕ್ಕಿತು ಅನ್ನುವಾಗ, ಸೆಪ್ಟೆಂಬರ್ ಕೊನೆಯಲ್ಲಿ ಹಡಗು ಹಿಮದಲ್ಲಿ ಸಿಕ್ಕಿಕೊಂಡಿತು. ಬಿಡುಗಡೆ ಆಗಿದ್ದು ಮುಂದಿನ ಜುಲೈನಲ್ಲಿ! ಆದರೆ ಅವರು ಸುಮ್ನೆ ಕೂರಲಿಲ್ಲ. ಹವಾಮಾನ ಅಳೆದರು, ಅಲ್ಲಿನ ಚುಕ್ಚಿ ಜನರ ಬದುಕಿನ ಬಗ್ಗೆ ಬರೆದುಕೊಂಡರು. ಆಮೇಲೆ ಜಲಸಂಧಿ ದಾಟಿ, ಜಪಾನ್, ಸಿಂಗಾಪುರ, ಶ್ರೀಲಂಕಾದ ಗಾಲೆ, ಸೂಯೆಜ್ ಮೂಲಕ 1880ರ ಏಪ್ರಿಲ್ 24ರಂದು ಸ್ಟಾಕ್‌ಹೋಮ್ ತಲುಪಿದರು.

ಆ ನೆನಪಿಗೆ 1881ರಲ್ಲಿ ಪದಕ ಶುರುವಾಯಿತು. ಮೊದಲು ಸಿಕ್ಕಿದ್ದು ನೂರ್ಡೆನ್‌ಶೋಲ್ಡ್ ಅವರಿಗೇ. 1889ರಲ್ಲಿ ಗ್ರೀನ್‌ಲ್ಯಾಂಡ್ ದಾಟಿ ಬಂದ ನಾನ್ಸೆನ್, 1898ರಲ್ಲಿ ಮಧ್ಯ ಏಷ್ಯಾ ಸುತ್ತಿದ ಸ್ವೆನ್ ಹೆಡಿನ್ ಪಡೆದರು. ಈಗ ಸಾಹಸ ಯಾತ್ರೆಗಿಂತ ಭೂಗೋಳದ ಸಂಶೋಧನೆಗೇ ಕೊಡೋದು ಜಾಸ್ತಿ. ಆದರೆ ಏಪ್ರಿಲ್ 24 ಈಗಲೂ ಆ ಸಂಘಕ್ಕೆ ‘ವೇಗಾ ದಿನ’.

ಪಾಪ, ಹಡಗು ಮಾತ್ರ 1903ರಲ್ಲಿ ಗ್ರೀನ್‌ಲ್ಯಾಂಡ್ ಹತ್ತಿರ ಮುಳುಗಿತು.