ಡಾರ್ಮ್ ಆಂಟಿಗೆ ಕೇಳಿ: 'ಚೆನ್ನಾಗಿದ್ದೀನಿ' ಅಂತಾನೆ, ಮುಂದೆ ಮಾತೇ ಇಲ್ಲ

ನೀಲಗಿರಿಯ ವಸತಿ ಶಾಲೆಯೊಂದರಲ್ಲಿ ಕಿರಿಯ ಹುಡುಗರ ಡಾರ್ಮ್ ನೋಡಿಕೊಂಡು, ಈಗ ನಿವೃತ್ತರಾಗಿ ಮೈಸೂರಿನಲ್ಲಿರುವ ನಮ್ಮ ಅಂಕಣಗಾರ್ತಿ, ಮಕ್ಕಳನ್ನು ದೂರದ ಶಾಲೆಗೆ ಬಿಟ್ಟಿರುವ ಓದುಗರಿಗೆ ಉತ್ತರಿಸುತ್ತಾರೆ.

ಪ್ರಶ್ನೆ: ಮಗನನ್ನು ಈ ವರ್ಷ ಊಟಿಯ ಇಂಟರ್‌ನ್ಯಾಷನಲ್ ಶಾಲೆಗೆ ಆರನೇ ಕ್ಲಾಸಿಗೆ ಸೇರಿಸಿದೆವು. ವಾರವಾರ ನ್ಯೂಸ್‌ಲೆಟರ್ ಬರುತ್ತದೆ, ಜೊತೆಗೆ ರಾಶಿ ಫೋಟೊ. ಅದರಲ್ಲಿ ಮಗ ಕಾಣುವುದೇ ಅಪರೂಪ. ಭಾನುವಾರ ಬೆಳಿಗ್ಗೆ ಫೋನಿನಲ್ಲಿ 'ಹೂಂ, ಚೆನ್ನಾಗಿದ್ದೀನಿ, ತಿಂಡಿ ಆಯ್ತು' ಅಷ್ಟೇ. ಅವನು ನಿಜವಾಗಿ ಹೇಗಿದ್ದಾನೆ ಅಂತ ತಿಳಿಯೋದು ಹೇಗೆ?
— ಒಬ್ಬ ತಾಯಿ, ಮಸ್ಕತ್

ಉತ್ತರ: ಮೊದಲು ಗಡಿಯಾರ ನೋಡೋಣಮ್ಮ. ಒಮಾನ್‌ನಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ಭಾನುವಾರ ನಿಮಗೆ ಆಫೀಸು. ಊಟಿಯಲ್ಲಿ ಹನ್ನೊಂದು ಹೊಡೆದಾಗ ಮಸ್ಕತ್‌ನಲ್ಲಿ ಒಂಬತ್ತೂವರೆ. ನೀವು ಲಿಫ್ಟಿನಲ್ಲೋ ಮೀಟಿಂಗ್ ರೂಮಿನ ಬಾಗಿಲಲ್ಲೋ ನಿಂತಿರುತ್ತೀರಿ. ಆ ಕಡೆ ಅವನ ಬೆನ್ನಿಗೆ ಫೋನಿಗೆ ಕಾಯುವ ಹುಡುಗರ ಸಾಲು. ಇಬ್ಬರೂ ಅವಸರದಲ್ಲಿದ್ದರೆ 'ತಿಂಡಿ ಆಯ್ತು' ಬಿಟ್ಟು ಇನ್ನೇನು ಬಾಯಿಗೆ ಬರುತ್ತೆ? ಶನಿವಾರ ಸಂಜೆಗೆ ಸಮಯ ಬದಲಿಸಿ ಕೊಡಿ ಎಂದು ಡಾರ್ಮ್ ಪೇರೆಂಟ್‌ಗೆ, ಅಂದರೆ ಹಾಸ್ಟೆಲಿನಲ್ಲಿ ಮಕ್ಕಳನ್ನು ನೋಡಿಕೊಳ್ಳುವವರಿಗೆ, ಒಂದು ಮೇಲ್ ಹಾಕಿ. ಗಲ್ಫ್ ಮಕ್ಕಳಿಗೆ ನಾವು ಹಾಗೆ ಮಾಡಿಕೊಡುತ್ತಿದ್ದೆವು, ಕೇಳಿದವರಿಗೆ ಮಾತ್ರ.

ಫೋಟೊಗಳನ್ನು ಇಷ್ಟು ಹುಡುಕಬೇಡಿ. ಕ್ಯಾಮೆರಾ ಹಿಡಿದವರು ಫುಟ್‌ಬಾಲ್ ಮೈದಾನಕ್ಕೂ ಸ್ಟೇಜಿಗೂ ಹೋಗುತ್ತಾರೆಯೇ ಹೊರತು ಲೈಬ್ರರಿಯ ಮೂಲೆಯಲ್ಲಿ ಕಾಮಿಕ್ಸ್ ಓದುವವನ ಹತ್ತಿರ ಬರುವುದಿಲ್ಲ. ಇನ್ನೊಂದು: ಅಡ್ಮಿಷನ್ ಫಾರಂನಲ್ಲಿ ಫೋಟೊ ಒಪ್ಪಿಗೆಯ ಕಾಲಂಗೆ ನೀವೇ 'ಬೇಡ' ಎಂದು ಟಿಕ್ ಮಾಡಿಲ್ಲ ತಾನೆ? ಹಾಗೆ ಟಿಕ್ ಮಾಡಿ ಮರೆತು, ಆಮೇಲೆ ಜಗಳಕ್ಕೆ ಬಂದವರನ್ನು ಕಂಡಿದ್ದೇನೆ.

ನ್ಯೂಸ್‌ಲೆಟರ್ ಓದಿದರೆ ಶಾಲೆ ಏನು ಮಾಡಿತು ಅಂತ ಗೊತ್ತಾಗುತ್ತದೆ. ಮಗ ಹೇಗಿದ್ದಾನೆ ಅನ್ನುವುದು ರಾತ್ರಿ ಲೈಟ್ಸ್ ಔಟ್ ಹೊತ್ತಿಗೆ ಟಾರ್ಚ್ ಹಿಡಿದು ಮಂಚದಿಂದ ಮಂಚಕ್ಕೆ ಹೋಗುವವರಿಗೆ ಗೊತ್ತಿರುತ್ತದೆ. ನಾನಂತೂ ಧೋಬಿ ಚೀಲ ನೋಡುತ್ತಿದ್ದೆ. ಪ್ರತಿ ಹುಡುಗನಿಗೂ ನಂಬರ್ ಹೊಲಿದ ಒಂದೊಂದು ಚೀಲ. ಮನೆ ನೆನಪಾಗಿ ಒಳಗೊಳಗೇ ಕೊರಗುವ ಹುಡುಗನ ಚೀಲ ಬಲು ಹಗುರ. ಮನೆಯಿಂದ ತಂದ ಸ್ವೆಟರನ್ನು ವಾರವಿಡೀ ಬಿಚ್ಚಿರುವುದೇ ಇಲ್ಲ, ಒಗೆದರೆ ಮನೆಯ ವಾಸನೆ ಹೋಗಿಬಿಡುತ್ತೆ ಅಂತ. ಒಂದು ಸೋಮವಾರ ಅದೇ ಚೀಲ ಮಣ್ಣು ಮೆತ್ತಿದ ಸಾಕ್ಸ್ ತುಂಬಿಕೊಂಡು ಬಂದರೆ, ಹುಡುಗ ಆಟಕ್ಕೆ ಇಳಿದಿದ್ದಾನೆ ಎಂದು ನನಗೆ ನಿರಾಳ. ಇದು ಯಾವ ಆ್ಯಪ್‌ನಲ್ಲಿ ಬರಬೇಕು?

ಆದ್ದರಿಂದ ಡಾರ್ಮ್ ಪೇರೆಂಟ್‌ಗೆ 'ಹೇಗಿದ್ದಾನೆ' ಎಂದು ಕೇಳಬೇಡಿ, 'ಚೆನ್ನಾಗಿದ್ದಾನೆ ಮ್ಯಾಡಂ' ಅಂದುಬಿಡುತ್ತಾರೆ. ನಿದ್ದೆಗೆ ಎಷ್ಟು ಹೊತ್ತಾಗುತ್ತೆ, ತಟ್ಟೆಯಲ್ಲಿ ಏನು ಬಿಡ್ತಾನೆ, ಊಟಕ್ಕೆ ಯಾರ ಪಕ್ಕ ಕೂರ್ತಾನೆ ಎಂದು ಕೇಳಿ. ಹದಿನೈದು ದಿನಕ್ಕೊಮ್ಮೆ ಎರಡು ಸಾಲು ಸಾಕು ಎಂದೂ ಬರೆಯಿರಿ, ಆ ಮಾತು ನೋಡಿದರೇ ಅವರಿಗೆ ಅರ್ಧ ಸುಸ್ತು ಇಳಿಯುತ್ತೆ. ಮಕ್ಕಳು ಕ್ಲಾಸಿನಲ್ಲಿರುವ ಬೆಳಗಿನ ಹೊತ್ತು ಬರೆದರೆ ಉತ್ತರ ಬೇಗ ಬರುತ್ತೆ. ಭಾನುವಾರ ಸಂಜೆ ಬೇಡ, ಅದು ಔಟಿಂಗ್ ಮುಗಿಸಿ ಬಂದವರ ತಲೆ ಎಣಿಸುವ ಸಮಯ. ಪೇರೆಂಟ್ಸ್ ವಾಟ್ಸ್‌ಆ್ಯಪ್ ಗ್ರೂಪನ್ನು ಮ್ಯೂಟ್‌ನಲ್ಲಿಡಿ. ಬೆಳಿಗ್ಗೆ ಒಬ್ಬನಿಗೆ ಬಂದ ನೆಗಡಿ ಸಂಜೆಗೆ ಅಲ್ಲಿ ಡೆಂಗಿ ಆಗಿರುತ್ತೆ.

ಪ್ರಶ್ನೆ: ಮಗಳು ಎಂಟನೇ ಕ್ಲಾಸು, ಬೆಂಗಳೂರಿನ ಐಬಿ (ಇಂಟರ್‌ನ್ಯಾಷನಲ್ ಬ್ಯಾಕಲೊರಿಯೇಟ್ ಪಠ್ಯಕ್ರಮದ) ಬೋರ್ಡಿಂಗ್ ಶಾಲೆ. ಇಲ್ಲಿ ಓದುವಾಗ ಗಣಿತದಲ್ಲಿ ಶೇ 92 ತೆಗೆಯುತ್ತಿದ್ದಳು. ಈಗ ರಿಪೋರ್ಟಿನಲ್ಲಿ 7ಕ್ಕೆ 4. ಲಕ್ಷಗಟ್ಟಲೆ ಫೀಸು ಕಟ್ಟಿ ಮಗಳು ಹಿಂದೆ ಬಿದ್ದಳೇ? ಜೂಮ್ ಮೀಟಿಂಗ್‌ನಲ್ಲಿ ಅವರ ಇಂಗ್ಲಿಷ್ ನಮಗೆ ಪೂರ್ತಿ ಹಿಡಿಯಲಿಲ್ಲ. ಮಗಳೇ 'ವೆರಿ ಗುಡ್ ಅಂತಿದ್ದಾರೆ ಅಪ್ಪಾ' ಎಂದಳು.
— ಅಡಿಕೆ ವ್ಯಾಪಾರಿ, ದಾವಣಗೆರೆ ಜಿಲ್ಲೆ

ಉತ್ತರ: 'ವೆರಿ ಗುಡ್' ಎಂದವರು ಯಾರೋ, ಮಗಳೋ ಮೇಡಮ್ಮೋ! ರಿಪೋರ್ಟ್ ಯಾರದೋ ಅವರನ್ನೇ ದುಭಾಷಿ ಮಾಡಬಾರದು ಯಜಮಾನರೇ.

7ಕ್ಕೆ 4 ಅಂದರೆ ಶೇ 57 ಎಂದು ಕ್ಯಾಲ್ಕುಲೇಟರ್ ಒತ್ತಬೇಡಿ. ಎಂಟನೇ ಕ್ಲಾಸಿನಲ್ಲಿ ಇರುವುದು ಐಬಿಯ ಎಂವೈಪಿ, ಅಂದರೆ ನಡುವಿನ ತರಗತಿಗಳ 'ಮಿಡಲ್ ಇಯರ್ಸ್ ಪ್ರೋಗ್ರಾಂ'. ಅದರಲ್ಲಿ ಪ್ರತಿ ವಿಷಯವನ್ನೂ ಎ, ಬಿ, ಸಿ, ಡಿ ಎಂಬ ನಾಲ್ಕು ಅಳತೆಯಲ್ಲಿ ನೋಡುತ್ತಾರೆ. ಒಂದೊಂದಕ್ಕೆ 8, ಒಟ್ಟು 32. ಆ ಒಟ್ಟು 15ರಿಂದ 18ರೊಳಗೆ ಇದ್ದರೆ 4, 19ರಿಂದ 23 ಬಂದರೆ 5, 28 ಅಥವಾ ಅದಕ್ಕಿಂತ ಹೆಚ್ಚಾದರೆ 7. ಗಣಿತದಲ್ಲಿ 'ಎ' ಅಂದರೆ ವಿಷಯ ಗೊತ್ತಿದೆಯೇ, 'ಬಿ' ಅಂದರೆ ಲೆಕ್ಕದೊಳಗಿನ ಕ್ರಮವನ್ನು ತಾನೇ ಹುಡುಕುತ್ತಾಳೆಯೇ, 'ಸಿ' ಅಂದರೆ ಮಾಡಿದ್ದನ್ನು ಬಿಡಿಸಿ ಬರೆಯುತ್ತಾಳೆಯೇ, 'ಡಿ' ಅಂದರೆ ನಿತ್ಯದ ಬದುಕಿಗೆ ಹೊಂದಿಸುತ್ತಾಳೆಯೇ.

ಶೇ 92ರ ಮಕ್ಕಳ ಮೊದಲ ರಿಪೋರ್ಟ್ ಬಹಳ ಸಲ ಹೀಗಿರುತ್ತದೆ: ಎ 7, ಬಿ 3, ಸಿ 3, ಡಿ 4. ಒಟ್ಟು 17, ಗ್ರೇಡ್ 4. ಲೆಕ್ಕ ಬರುತ್ತೆ, ಯಾಕೆ ಹಾಗೆ ಎಂದು ವಿವರಿಸುವುದು ಅಭ್ಯಾಸವಿಲ್ಲ. ನಿಮ್ಮ ಮಗಳದೂ ಅದೇ ಮಾದರಿಯಾ ನೋಡಿ. ಹೌದಾದರೆ ಟ್ಯೂಷನ್ ಹಚ್ಚಬೇಡಿ, ಅದು 7 ಇರುವುದನ್ನು 8 ಮಾಡುತ್ತೆ ಅಷ್ಟೇ. 'ಎ'ಯೇ 3 ಇದ್ದರೆ ಮಾತ್ರ ಗಣಿತದ ಮೇಷ್ಟ್ರನ್ನು ಹಿಡಿದು ಕೂರಿಸಿ.

ಇಂಗ್ಲಿಷ್ ಬಗ್ಗೆ ಸಂಕೋಚ ಯಾಕೆ? ಫೀಸು ಕಟ್ಟುವಾಗ ಚೆಕ್ಕಿನ ಮೇಲೆ ಕನ್ನಡ ಸಹಿ ಹಾಕಿದ್ದರೂ ಅವರೇನು ಬೇಡ ಅನ್ನಲಿಲ್ಲವಲ್ಲ. ಕನ್ನಡ ಕಲಿಸಲೇಬೇಕು ಎಂದು 2015ರ ಕನ್ನಡ ಭಾಷಾ ಕಲಿಕಾ ಕಾಯ್ದೆ ಹೇಳುತ್ತದೆ, ಬೆಂಗಳೂರಿನ ಶಾಲೆಯಲ್ಲಿ ಕನ್ನಡ ಮೇಷ್ಟ್ರಿಗೆ ಬರವಿರಲಾರದು. ಮುಂದಿನ ಮೀಟಿಂಗ್‌ಗೆ ಅವರನ್ನೂ ಕೂರಿಸಿ ಎಂದು ವಾರ ಮುಂಚೆ ತಿಳಿಸಿ.

ಪ್ರಶ್ನೆ: ಮೊಮ್ಮಗ ಊಟಿಯಲ್ಲಿ ಓದುತ್ತಿದ್ದಾನೆ. ಹೇಳದೇ ಕೇಳದೇ ಹೋಗಿ, ಅವನಿಗೆ ಕಜ್ಜಾಯ ಕೊಟ್ಟು ಬರೋಣ ಎಂದು ನನ್ನಾಕೆಯ ಆಸೆ. ಹೋಗಬಹುದೇ?
— ನಿವೃತ್ತ ಶಿಕ್ಷಕರು, ಮಂಡ್ಯ

ಉತ್ತರ: ಹೋಗಿ ಸರ್, ಹೇಳಿ ಹೋಗಿ. ಭೇಟಿಗೆ ಬರಬಹುದಾದವರ ಪಟ್ಟಿಯಲ್ಲಿ ನಿಮ್ಮಿಬ್ಬರ ಹೆಸರನ್ನು ಅಪ್ಪ ಅಮ್ಮ ಬರೆಸಿರದಿದ್ದರೆ ಅಜ್ಜ ಎಂದರೂ ಗೇಟ್ ತೆರೆಯುವುದಿಲ್ಲ, ತೆರೆಯಲೂಬಾರದು. 2024ರ ಮೇ ತಿಂಗಳಿಂದ ನೀಲಗಿರಿಗೆ ಹೊರಗಿನ ವಾಹನಕ್ಕೆ ಇ-ಪಾಸ್ ಪದ್ಧತಿ ಬಂದಿದೆ, ಮೊಮ್ಮಗನ ಅಪ್ಪನಿಗೆ ಹೇಳಿ ತೆಗೆಸಿಕೊಳ್ಳಿ. ಪ್ಲಾಸ್ಟಿಕ್ ನೀರಿನ ಬಾಟಲಿ ಬೇಡ, ಚೆಕ್‌ಪೋಸ್ಟಿನಲ್ಲಿ ಹಿಡಿಯುತ್ತಾರೆ. ಬಂಡೀಪುರದ ರಸ್ತೆ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಬಂದ್, ಹಾಗಾಗಿ ಮಧ್ಯಾಹ್ನವೇ ಹೊರಟು ಬನ್ನಿ. ಕಜ್ಜಾಯ ಸ್ವಲ್ಪ ಜಾಸ್ತಿಯೇ ಒಯ್ಯಿರಿ. ಡಾರ್ಮ್‌ನಲ್ಲಿ ಮನೆ ತಿಂಡಿ ಒಬ್ಬನಿಗೇ ಉಳಿದ ದಾಖಲೆ ಇಲ್ಲ.

ಪ್ರಶ್ನೆ: ನಾನು ಹನ್ನೊಂದನೇ ಕ್ಲಾಸ್, ಐಬಿ ಡಿಪ್ಲೊಮಾ (ಐಬಿಯ ಕೊನೆಯ ಎರಡು ವರ್ಷದ ಕೋರ್ಸ್). ಫಿಸಿಕ್ಸನ್ನು ಹೆಚ್ಚು ಆಳವಾಗಿ ಓದುವ ಹೈಯರ್ ಲೆವೆಲ್‌ನಿಂದ ಸ್ಟ್ಯಾಂಡರ್ಡ್ ಲೆವೆಲ್‌ಗೆ ಇಳಿಸಬೇಕು ಅಂತ ಯೋಚಿಸ್ತಿದ್ದೆ. ಡಾರ್ಮ್ ಪೇರೆಂಟ್ ಹತ್ರ ಹೇಳಿಕೊಂಡೆ. ರಾತ್ರಿಯೇ ಅಮ್ಮನಿಂದ ಫೋನ್! ಇನ್ನು ಮೇಲೆ ಯಾರಿಗೂ ಏನೂ ಹೇಳಲ್ಲ ಅನ್ನಿಸಿದೆ.
— ಹೆಸರು ಬೇಡ

ಉತ್ತರ: ಅವರು ಮಾಡಿದ್ದು ತಪ್ಪು ಮಗಳೇ, ನನ್ನದೇ ಕಸುಬಿನವರು ಎಂದು ನಾನು ಸುತ್ತಿ ಬಳಸಿ ಹೇಳುವುದಿಲ್ಲ.

ಜ್ವರ, ಪೆಟ್ಟು, ಆಸ್ಪತ್ರೆ, ಅನುಮತಿ ಇಲ್ಲದೆ ಗೇಟ್ ದಾಟಿದ್ದು, ಯಾರಾದರೂ ಹಿಂಸೆ ಕೊಟ್ಟಿದ್ದು, ನೀನೇ ನಿನಗೆ ಹಾನಿ ಮಾಡಿಕೊಳ್ಳುವ ಯೋಚನೆ, ಇವನ್ನು ಗುಟ್ಟಾಗಿಡಿ ಎಂದರೂ ನಾವು ಇಡುವಂತಿಲ್ಲ. ಲೈಂಗಿಕ ದೌರ್ಜನ್ಯವಾದರೆ 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೂ ತಿಳಿಸಲೇಬೇಕು. ಫಿಸಿಕ್ಸ್ ಈ ಪಟ್ಟಿಯಲ್ಲಿಲ್ಲ. ಅದು ನೀನೇ ಹೇಳಬೇಕಾದ ಸುದ್ದಿ. ಇದನ್ನು ಅವರಿಗೆ ಸಮಾಧಾನವಾಗಿ ಹೇಳು: 'ಆಂಟಿ, ಇಂಥದ್ದು ಅಮ್ಮನಿಗೆ ತಿಳಿಸುವ ಮುಂಚೆ ನನಗೊಂದು ಮಾತು ಹೇಳಿ.' ದಿನಾ ರಾತ್ರಿ ನಿನ್ನಮ್ಮನಿಂದ ಮೆಸೇಜ್ ಬಂದರೆ ಆ ಆಂಟಿಯೂ ಏನಾದರೊಂದು ಬರೆಯಬೇಕಲ್ಲ, ಪಾಪ, ಕೈಗೆ ಸಿಕ್ಕಿದ್ದನ್ನು ಬರೆದಿದ್ದಾರೆ.

ಅಮ್ಮನ ಹತ್ತಿರ ಫೋನಿನಲ್ಲಿ ಜಗಳಕ್ಕಿಳಿಯಬೇಡ. ಮೊದಲು ಐಬಿ ಕೋಆರ್ಡಿನೇಟರ್ ಬಳಿ ಹೋಗು. ಕನಿಷ್ಠ ಮೂರು ವಿಷಯ ಹೈಯರ್ ಲೆವೆಲ್‌ನಲ್ಲಿ ಇರಲೇಬೇಕು, ಹಾಗಾಗಿ ಫಿಸಿಕ್ಸ್ ಇಳಿಸಿದರೆ ಯಾವುದನ್ನು ಏರಿಸುವುದು? ಬದಲಾವಣೆಗೆ ಕೊನೆಯ ದಿನ ಯಾವಾಗ? ಮನೆಯವರ ಸಹಿ ಬೇಕಾ? ಎಂಜಿನಿಯರಿಂಗ್ ಮನಸ್ಸಿದ್ದರೆ ನೀನು ನೋಡಿಟ್ಟಿರುವ ವಿಶ್ವವಿದ್ಯಾಲಯ ಫಿಸಿಕ್ಸ್ ಹೈಯರ್ ಲೆವೆಲ್ ಕೇಳುತ್ತಾ ಎಂದು ಅವರ ವೆಬ್‌ಸೈಟಿನಲ್ಲೇ ನೋಡು. ಈ ಉತ್ತರಗಳನ್ನೆಲ್ಲ ಒಂದು ಮೇಲ್‌ನಲ್ಲಿ ಬರೆದು ಅಮ್ಮನಿಗೂ ಅಪ್ಪನಿಗೂ ಕಳಿಸು, ಭಾನುವಾರ ಮಾತಾಡೋಣ ಎಂದು ಕೆಳಗೆ ಹಾಕು. ಅಲ್ಲಿಯವರೆಗೆ ಅಮ್ಮನ ಫೋನ್ ಬಂದರೆ ಊಟ ಆಯ್ತು ಅನ್ನು, ಪರವಾಗಿಲ್ಲ.